ಹಿಂದಿನ ಸೀಟಿನ ತೂಕ

"ಕಾಲು! ಅಣ್ಣಾ, ಕಾಲು ಮೇಲೆ!"

ಮೆಕ್ಯಾನಿಕ್‌ನ ಕೂಗು ಕಿವಿಗೆ ಬೀಳುವಷ್ಟರಲ್ಲಿ ಎಡಗಾಲು ನೆಲಕ್ಕೆ ಇಳಿದಾಗಿತ್ತು. ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಹಿಂದಿನ ಎಡಚಕ್ರ ಮೆಲ್ಲಗೆ ಉರುಳಿ ಬಂದು ಬೂಟಿನ ಹಿಮ್ಮಡಿಯನ್ನು ಹತ್ತಿ ಅಲ್ಲೇ ಕೂತಿತು. ಸೀಟಣ್ಣ ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದುಕೊಂಡ. ಮೆಕ್ಯಾನಿಕ್ ಓಡಿ ಬಂದು ಗಾಡಿಯನ್ನು ಹಿಂದಕ್ಕೆ ದಬ್ಬಿ ಕಾಲು ಬಿಡಿಸಿದ.

"ಇವತ್ತಿಗೆ ಇದು ಎರಡನೇ ಸಲ. ಬೂಟು ದಪ್ಪ ಇದೆ, ಬಚಾವಾದ್ರಿ. ಮೂರು ಚಕ್ರದ ಗಾಡಿ ಅಣ್ಣ ಇದು, ಬೀಳಲ್ಲ. ನೀವು ಕಾಲು ಕೊಟ್ಟು ಕಾಪಾಡೋದೇನೂ ಬೇಡ."

"ನಂಗೆ ಗೊತ್ತಪ್ಪ. ಕಾಲಿಗೆ ಗೊತ್ತಿಲ್ಲ."

ಎರಡು ಚಕ್ರದ ಮೇಲೆ ಆಯುಸ್ಸು ಕಳೆದ ಕಾಲು ಅದು. ಬ್ರೇಕ್ ಹಿಡಿದೊಡನೆ ನೆಲ ಹುಡುಕುವುದು ಅದರ ಧರ್ಮ. ಬೈಕಿನ ಹಿಂದೆ ಒಂದರ ಬದಲು ಎರಡು ಚಕ್ರ ಕೂರಿಸಿ ಟ್ರೈಕ್ ಮಾಡಿಸಿಕೊಂಡವರೆಲ್ಲ ಮೊದಮೊದಲು ಇದೇ ತಪ್ಪು ಮಾಡುತ್ತಾರೆ ಎಂದು ಮೆಕ್ಯಾನಿಕ್ ಸಮಾಧಾನ ಹೇಳಿದ. ತಿರುವಿನಲ್ಲಿ ಮೈ ವಾಲಿಸುತ್ತಾರೆ, ಗಾಡಿ ವಾಲುವುದಿಲ್ಲ. ನಿಂತಾಗ ಕಾಲು ಊರುತ್ತಾರೆ, ತಮ್ಮ ಚಕ್ರವೇ ತಮ್ಮ ಕಾಲಿನ ಮೇಲೆ ಹತ್ತುತ್ತದೆ. ಇನ್ನೊಬ್ಬರನ್ನು ಬೈಯುವಂತೆಯೂ ಇಲ್ಲ.

ತನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಸೀಟಣ್ಣ ಕುಂಟುತ್ತ ಒಳಗೆ ಹೋದ. ಬೈಕುಗಳ ಸೀಟು ಹೊಲಿಯುವುದು ಅವನ ಕಸುಬು. ಹರಿದ ಸೀಟು ತಂದವರ ಮುಖ ನೋಡದೆ, ಸೀಟನ್ನೇ ತಿರುಗಿಸಿ ನೋಡಿ, "ಬಲಗಡೆ ಜೇಬಲ್ಲಿ ಬೀಗದ ಕೈಗೊಂಚಲು ಇಟ್ಕೊಂಡು ಕೂರ್ತೀರಿ ಅಲ್ವಾ" ಎಂದು ಕೇಳಿ ಬೆಚ್ಚಿಬೀಳಿಸುವುದು ಅವನ ಚಟ. ಹಾಗಾಗಿ ಇಡೀ ರಸ್ತೆಗೆ ಅವನು ಸೀಟಣ್ಣ. ಮನೆಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ, ಹೆಂಡತಿಯಂತೂ ಮೊದಲಿಂದಲೂ "ರೀ" ಎಂದೇ ಕರೆದವಳು.

ಈ ಗಾಡಿಯಲ್ಲಿ ಅವನು ಹೊರಡಲಿದ್ದದ್ದು ಸಾವಿರ ಕಿಲೋಮೀಟರಿನ ಓಟಕ್ಕೆ. ಒಂದು ಹಗಲು ಒಂದು ರಾತ್ರಿಯೊಳಗೆ ಮುಗಿಸಬೇಕು. ಸವಾರರ ಸಂಘದವರು ಯಾವ ರಸ್ತೆ ಎಂದು ಕೇಳುವುದಿಲ್ಲ, ಎಲ್ಲಿಂದ ಎಲ್ಲಿಗಾದರೂ ಸರಿ. ಅವರದು ಒಂದೇ ಹಟ: ಹೊರಡುವುದನ್ನು ಒಬ್ಬರು ಕಣ್ಣಾರೆ ಕಂಡಿರಬೇಕು, ಮುಟ್ಟುವುದನ್ನು ಇನ್ನೊಬ್ಬರು ಕಣ್ಣಾರೆ ಕಂಡಿರಬೇಕು. ಹೊರಡುವಾಗ ನೋಡುವುದಕ್ಕೆ ಮೆಕ್ಯಾನಿಕ್ ಒಪ್ಪಿದ್ದ. ಸೀಟಣ್ಣ ಸುತ್ತಿ ಬಳಸಿ ಲೆಕ್ಕ ಹಾಕಿದ ದಾರಿಯ ಕೊನೆ ಹೋಗಿ ಸೇರುತ್ತಿದ್ದದ್ದು ಹೆಂಡತಿಯ ಅಕ್ಕನ ಊರಿಗೆ, ಆ ಅಕ್ಕನ ಲಾಂಡ್ರಿ ಅಂಗಡಿಯ ಬಾಗಿಲಿಗೆ. ಹೆಂಡತಿ ಈಗ ಅಲ್ಲಿರುವುದು.

"ಯಾಕಣ್ಣ ತಲೆ ಕೆಡಿಸ್ಕೊಳ್ತೀರಿ? ಆ ಊರಲ್ಲಿ ಪೆಟ್ರೋಲ್ ಬಂಕ್ ಇರಲ್ವಾ? ಬಂಕಿನವನು ನೋಡಿದೆ ಅಂದ್ರೆ ಸಾಕು. ಎಲ್ಲರೂ ಹಾಗೇ ಮಾಡೋದು," ಎಂದಿದ್ದ ಮೆಕ್ಯಾನಿಕ್.

"ಬಂಕಿನವನು ನನ್ನ ನೋಡಲ್ಲ. ಮೀಟರ್ ನೋಡ್ತಾನೆ."



ಈ ಓಟ ಒಂದು ಕಾಲಕ್ಕೆ ಗಂಡಹೆಂಡಿರಿಬ್ಬರ ಹುಚ್ಚಾಗಿತ್ತು. ಭಾನುವಾರ ಬಂತೆಂದರೆ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಹೊರಟುಬಿಡುವರು. ಅವನು ಮುಂದೆ, ಅವಳು ಹಿಂದೆ. ಒಂದು ದಿನ ಸಾವಿರ ಮುಗಿಸೋಣ ಎಂದು ಅವಳೇ ಮೊದಲು ಹೇಳಿದ್ದು. ಅಷ್ಟರಲ್ಲಿ ಅವನಿಗೆ ತಲೆ ಸುತ್ತಲು ಶುರುವಾಯಿತು. ಕಿವಿಯೊಳಗಿನ ಯಾವುದೋ ದೋಷ. ನಿಂತಲ್ಲೇ ನೆಲ ಒಂದು ಕಡೆಗೆ ಜಾರಿದ ಹಾಗೆ, ಆಮೇಲೆ ಏನೂ ಆಗದ ಹಾಗೆ. ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದರೆ ಭಾನುವಾರ ಹೋಗುತ್ತದೆ ಎನ್ನುವುದಷ್ಟೇ ಅವನ ಭಯ. ಕೊನೆಗೆ ಒಂದು ಭಾನುವಾರವೇ, ಕೆಂಪು ದೀಪಕ್ಕೆ ನಿಂತಿದ್ದ ಬೈಕು ನಿಂತಲ್ಲಿಯೇ ಪಕ್ಕಕ್ಕೆ ಒರಗಿತು. ಓಡುವಾಗ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಮರ್ಯಾದೆ ಇರುತ್ತಿತ್ತು. ಅವನಿಗೆ ಚರ್ಮ ತರಚಿತು, ಅವಳ ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ತಲೆಸುತ್ತು ಎಷ್ಟು ದಿನದಿಂದ?" ಎಂದು ಕೇಳಿದಾಗ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಏಳೆಂಟು ತಿಂಗಳಾಯ್ತು," ಎಂದ. ಪಕ್ಕದ ಮಂಚದಲ್ಲಿದ್ದ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಕೈ ವಾಸಿಯಾಗುವ ತನಕ ಎಂದು ಅಕ್ಕನ ಮನೆಗೆ ಹೋದಳು. ಕೈ ವಾಸಿಯಾಯಿತು, ಅವಳು ಬರಲಿಲ್ಲ. ಅಕ್ಕನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಟ್ಟೆಗೆ ಚೀಟಿ ಅಂಟಿಸುತ್ತಿದ್ದಾಳೆಂದು ಕೇಳಿದ. ಜಗಳವಿಲ್ಲ, ಕೂಗಾಟವಿಲ್ಲ. ಆಗಾಗ ಫೋನು. ಊಟ ಆಯ್ತಾ, ಆಯ್ತು. ನಿಂದು, ಆಯ್ತು. ಇಬ್ಬರ ಊಟವೂ ಆದಮೇಲೆ ಮಾತಾಡಲು ಏನೂ ಇರುತ್ತಿರಲಿಲ್ಲ.

ಬೈಕು ಬೇಡವೇ ಬೇಡ ಎಂದಿದ್ದರು ಡಾಕ್ಟರು. ಮೂರು ಚಕ್ರಕ್ಕೆ ಏನೆನ್ನುತ್ತೀರಿ ಎಂದು ಇವನು ಬೆನ್ನು ಬಿಡದೆ ಕೇಳಿದ ಮೇಲೆ, "ಬೀಳೋದಂತೂ ಇಲ್ಲ. ಸುತ್ತು ಬಂದ್ರೆ ನಿಲ್ಲಿಸಿ ಕೂತ್ಕೊಳ್ಳಿ," ಎಂದು ಕೈ ತೊಳೆದುಕೊಂಡರು. ಅದನ್ನೇ ಒಪ್ಪಿಗೆ ಎಂದುಕೊಂಡು ಅವನು ಗಾಡಿಯನ್ನು ಮೆಕ್ಯಾನಿಕ್‌ನ ಶೆಡ್ಡಿಗೆ ತಳ್ಳಿಕೊಂಡು ಹೋಗಿದ್ದ. "ಇಬ್ಬರಿಗೆ ಮಾಡು," ಎಂದೂ ಹೇಳಿದ್ದ. ಆ ಎರಡನೆಯವರು ಯಾರು ಎಂದು ಮೆಕ್ಯಾನಿಕ್ ಕೇಳಿರಲಿಲ್ಲ.

ಈಗ ಅದೇ ಸಮಸ್ಯೆ. ಇಬ್ಬರ ಭಾರಕ್ಕೆಂದು ಹಾಕಿದ ಹಿಂದಿನ ಸ್ಪ್ರಿಂಗುಗಳು ಒಬ್ಬನ ಭಾರಕ್ಕೆ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ. ಸಣ್ಣ ಹಳ್ಳ ಬಂದರೂ ಗಾಡಿಯ ಹಿಂಭಾಗ ಕುಪ್ಪಳಿಸುತ್ತಿತ್ತು.

"ಹೀಗೇ ಸಾವಿರ ಕಿಲೋಮೀಟರ್ ಹೋದ್ರೆ ನಿಮ್ಮ ಬೆನ್ನುಮೂಳೆ ನನ್ನ ಕೈಗೆ ಬಿಡಿಬಿಡಿಯಾಗಿ ಬರತ್ತೆ," ಎಂದ ಮೆಕ್ಯಾನಿಕ್. "ಎರಡೇ ದಾರಿ. ಒಬ್ಬರ ಲೆಕ್ಕಕ್ಕೆ ಬೇರೆ ಸ್ಪ್ರಿಂಗ್ ಹಾಕ್ತೀನಿ, ಹಿಂದಿನ ಸೀಟು ತೆಗೆದುಬಿಡೋಣ. ಇಲ್ಲಾಂದ್ರೆ ಹಿಂದೆ ಏನಾದ್ರೂ ಭಾರ ಹಾಕಿ."

"ಭಾರ ಹಾಕೋಣ."

"ಎಷ್ಟು?"

ಹಿಂದೆ ಕೂತು ಬಂದವಳ ತೂಕ ಸೀಟಣ್ಣನಿಗೆ ಗೊತ್ತಿರಲಿಲ್ಲ. ಎಂದೂ ಕೇಳಿರಲಿಲ್ಲ. ಅವಳು ಹತ್ತಿದಾಗ ಬೈಕು ಒಂದು ಉಸಿರು ಬಿಟ್ಟು ತಗ್ಗುತ್ತಿತ್ತು, ಅದು ಸೊಂಟಕ್ಕೆ ಗೊತ್ತಾಗುತ್ತಿತ್ತು, ಹೊರಡುತ್ತಿದ್ದ. ಅಷ್ಟೇ.

"ನಾಳೆ ಹೇಳ್ತೀನಿ," ಎಂದ.

ಮರುದಿನ ಬೆಳಗ್ಗೆ ಅಟ್ಟದ ಮೇಲಿಂದ ಹಳೆಯ ಬೈಕಿನ ಸೀಟನ್ನು ಇಳಿಸಿ ಧೂಳು ಒರೆಸಿದ. ಕಂದು ಬಣ್ಣದ ಉದ್ದ ಸೀಟು. ಕೂತವರು ಎದ್ದು ಹೋದರೂ ಫೋಮು ಬೇಗ ಮರೆಯುವುದಿಲ್ಲ ಎನ್ನುವುದು ಅವನ ಹೊಟ್ಟೆಪಾಡಿನ ಮೊದಲ ಪಾಠ. ಮುಂದುಗಡೆ ತನ್ನದೇ ತಗ್ಗು, ಅಗಲವಾಗಿ, ಸೋಮಾರಿಯಂತೆ. ಹಿಂದಿನದು ಚಿಕ್ಕದು, ನಟ್ಟನಡುವೆ ಇರಲಿಲ್ಲ, ಎಡಕ್ಕೆ ಸರಿದಿತ್ತು. ಊರವರ ಸೀಟುಗಳನ್ನೆಲ್ಲ ಓದಿದವನು ಇದನ್ನು ಒಂದು ಸಲವೂ ನೋಡಿರಲಿಲ್ಲ. ಅವನಿಗೆ ತನ್ನ ಮೇಲೆ ತುಸು ನಾಚಿಕೆಯಾಯಿತು.

ಉಳಿದಿದ್ದ ಕಂದು ರೆಕ್ಸಿನ್ನಿನಲ್ಲಿ ಒಂದು ಚೀಲ ಹೊಲಿದ. ಜೋಡಿ ಹೊಲಿಗೆ, ಒಳಗೆ ಕ್ಯಾನ್ವಾಸಿನ ಅಸ್ತರು, ಬಾಯಿಗೆ ಬೂಟಿನ ಹಾಗೆ ಕಣ್ಣುಗಳಿಟ್ಟು ಲಾಡಿ. ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು, ಮೇಸ್ತ್ರಿಯನ್ನು ಕೇಳಿ ಬಕೆಟ್ಟುಗಳಲ್ಲಿ ಮರಳು ತಂದ. ಖಾಲಿ ಚೀಲವನ್ನು ಹಳೆಯ ಸೀಟಿನ ಆ ಚಿಕ್ಕ ತಗ್ಗಿನ ಮೇಲಿಟ್ಟು ಮಗ್ಗಿನಿಂದ ಮರಳು ಸುರಿಯುತ್ತ ಹೋದ. ಸುರಿದಷ್ಟೂ ಫೋಮು ಇಳಿಯಿತು. ವರ್ಷಗಟ್ಟಲೆ ಕೂತು ರೆಕ್ಸಿನ್ನಿನಲ್ಲಿ ಮೂಡಿದ್ದ ನೆರಿಗೆಗಳು ಒಂದೊಂದಾಗಿ ಮಡಿಚಿಕೊಂಡವು. ಕೊನೆಯ ನೆರಿಗೆಯೂ ತನ್ನ ಹಳೆಯ ಗೆರೆಗೆ ಸರಿಯಾಗಿ ಮಡಿಚಿಕೊಂಡಾಗ ಅವನು ಮಗ್ಗನ್ನು ಕೆಳಗಿಟ್ಟ. ಅಷ್ಟೇ ಇರಬೇಕು. ನೀರು ಕುಡಿದು ಬಂದು ಲಾಡಿ ಬಿಗಿದ.

ಮೆಕ್ಯಾನಿಕ್ ಬಂದು ಒಂದು ಕೈ ಹಿಡಿದ ಮೇಲೆ ಚೀಲ ಗಾಡಿ ಏರಿತು. ಬೆಲ್ಟು ಬಿಗಿಯುವಾಗ ಮತ್ತೆ ತಕರಾರು.

"ನಡುವೆ ಬರಲಿ ಅಣ್ಣ, ಎಡಕ್ಕೆ ಕಟ್ತಿದೀರಿ."

"ಎಡಕ್ಕೇ ಇರಲಿ."

"ಟೈರ್ ಒಂದು ಕಡೆ ಸವೆಯತ್ತೆ. ಮರಳಿಗೆ ಎಡ ಏನು, ಬಲ ಏನು?"

"ಸವೆದ್ರೆ ಸವೆಯಲಿ, ಬಿಡಪ್ಪ."

ಎದುರಿನ ಟೀ ಅಂಗಡಿಯವಳು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ರಸ್ತೆಯ ಯಾವ ಸುದ್ದಿಯೂ ಅವಳ ಒಲೆಯ ಮೇಲೆ ಒಂದು ಕುದಿ ಬರದೆ ಮುಂದೆ ಹೋಗುತ್ತಿರಲಿಲ್ಲ. "ಏನು ಸೀಟಣ್ಣ, ಜೊತೆ ಸಿಕ್ತು ಅನ್ನಿ! ಒಳ್ಳೆ ಬಣ್ಣ, ಮೈಕೈ ತುಂಬ್ಕೊಂಡಿದೆ. ಮುಖ್ಯ ಬಾಯೇ ಇಲ್ಲ. ಅದೃಷ್ಟ ಮಾಡಿದ್ರಿ!"

ಸೀಟಣ್ಣನೂ ನಕ್ಕ. ನಗದಿದ್ದರೆ ಅವಳು ಇನ್ನೊಂದು ಮಾತು ಸೇರಿಸುತ್ತಿದ್ದಳು. ಆದರೆ ಅಂದು ಮಧ್ಯಾಹ್ನ ಊರಾಚೆಯ ರಸ್ತೆಯಲ್ಲಿ ಗಾಡಿ ಹಳ್ಳದಿಣ್ಣೆಗಳ ಮೇಲೆ ಮೆತ್ತಗೆ ಇಳಿದು ಏಳುತ್ತ ಹೋದಾಗ ಆ ನಗು ನೆನಪಿಗೂ ಬರಲಿಲ್ಲ. ಬೆನ್ನ ಹಿಂದೆ ಒಂದು ಭಾರ ಇತ್ತು. ಅದು ಮಾತಾಡುತ್ತಿರಲಿಲ್ಲ, ಆದರೆ ಬೈಕಿನ ಮೇಲೆ ಅವಳೂ ಹೆಚ್ಚು ಮಾತಾಡಿದವಳಲ್ಲ. ತಿರುವಿನಲ್ಲಿ ಅವನು ಹಿಂದಕ್ಕೆ ಕೂಗಿ, "ಹಿಡ್ಕೋ" ಎಂದ. ಹೇಳಿದ ಮೇಲೆ ಎದುರಿಗೆ ಬರುತ್ತಿದ್ದ ಲಾರಿಯವನು ಕೇಳಿಸಿಕೊಂಡನೇನೋ ಎಂದು ಮುಖ ಬಿಸಿಯಾಯಿತು.

ಮರಳಿ ಬಂದ ಹುಮ್ಮಸ್ಸಿನಲ್ಲಿ ಹೆಂಡತಿಗೆ ಫೋನು ಮಾಡಿದ. ಊಟವೆಲ್ಲ ಆದಮೇಲೆ ವಿಷಯಕ್ಕೆ ಬಂದ. ಮುಂದಿನ ವಾರ ಸಾವಿರದ ಓಟ, ನಿನ್ನಕ್ಕನ ಅಂಗಡಿ ಬಾಗಿಲಲ್ಲಿ ಮುಗಿಸುತ್ತೇನೆ, ನೀನು ಬಂದು ನೋಡಿದರಾಯಿತು, ಬೇರೇನೂ ಮಾಡಬೇಕಾಗಿಲ್ಲ.

"ಎಷ್ಟು ಹೊತ್ತಿಗೆ?"

"ಅದು ಹೇಳಕ್ಕಾಗಲ್ಲ. ಬೆಳಗಿನ ಜಾವ ಆಗ್ಬಹುದು, ಮುಂಚೆನೂ ಆಗ್ಬಹುದು. ಸ್ವಲ್ಪ ದಾರಿ ಕಾಯ್ಬೇಕಾಗತ್ತೆ."

ಆ ಕಡೆ ಬಟ್ಟೆ ತೊಳೆಯುವ ಯಂತ್ರ ಗರಗರ ತಿರುಗುವುದು ಕೇಳಿಸಿತು.

"ನಾನು ದಾರಿ ಕಾಯೋದು ಬಿಟ್ಟಿದೀನಿ ರೀ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ಗಿರಾಕಿ ಬಂದ್ರು, ಇಡ್ತೀನಿ."

ಆಮೇಲಿನ ದಿನಗಳಲ್ಲಿ ಅವನು ತಯಾರಿಯಲ್ಲಿ ತಲೆ ಹುದುಗಿಸಿದ. ಮುಂದಿನ ಸೀಟನ್ನು ಬಿಚ್ಚಿ ಮತ್ತೆ ಕಟ್ಟಿದ. ಕೆಳಗೆ ಗಟ್ಟಿ ಫೋಮು, ಮೇಲೆ ಮೆತ್ತನೆಯದು, ತೊಡೆ ತಾಗುವಲ್ಲಿ ಹೊಲಿಗೆಯೇ ಬರದ ಹಾಗೆ ಒಂದೇ ತುಂಡು ರೆಕ್ಸಿನ್. ಪರೀಕ್ಷೆಗೆಂದು ಅದನ್ನು ಸ್ಟೂಲಿನ ಮೇಲಿಟ್ಟು ದಿನವಿಡೀ ಅದರ ಮೇಲೆಯೇ ಕೂತು ಗಿರಾಕಿಗಳ ಕೆಲಸ ಮಾಡಿದ. ಅಂಗಡಿಯಲ್ಲಿ ಕೂತಲ್ಲೇ ಅರ್ಧ ದೇಶ ಸುತ್ತಿದ ಹಾಗಾಯಿತು. ಸಂಜೆ ಎದ್ದಾಗ ಎಲ್ಲೂ ನೋವಿರಲಿಲ್ಲ, ಎಲ್ಲಿಗೂ ಹೋಗಿರಲೂ ಇಲ್ಲ. ಶಟರ್ ಎಳೆದು ಹಿಂದಿನ ಕೋಣೆಯಲ್ಲಿ ಒಂದೇ ತಟ್ಟೆ ತೊಳೆದು ಬೋರಲು ಹಾಕುವಾಗ ಅವನಿಗೆ ಬಂಕಿನವನ ನೆನಪಾಗುತ್ತಿತ್ತು. ಮೀಟರ್ ನೋಡಿ ತಲೆಯಾಡಿಸಿ ಮುಂದಿನ ಗಾಡಿಯ ಕಡೆ ತಿರುಗುವ ಬಂಕಿನವನು. ಸಾವಿರ ಕಿಲೋಮೀಟರ್ ಓಡಿ ಹೋಗಿ ಅಂಥವನ ಮುಂದೆ ನಿಲ್ಲುವುದಾದರೆ ಹೊರಡುವುದೇ ಬೇಡ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು.

ಹೊರಡಲು ಎರಡು ದಿನ ಇರುವಾಗ, ಮಧ್ಯಾಹ್ನ, ಅಂಗಡಿಯ ಬಾಗಿಲಿಗೆ ನೆರಳು ಅಡ್ಡ ಬಂತು. ಗಿರಾಕಿ ಎಂದುಕೊಂಡು ತಲೆ ಎತ್ತದೆ, "ಸೀಟು ಅಲ್ಲಿಡಿ," ಎಂದ.

"ಸೀಟು ತಂದಿಲ್ಲ," ಎಂದಳು ಹೆಂಡತಿ.

ಸೂಜಿ ಅವನ ಬೆರಳಿಗೆ ಚುಚ್ಚಿತು. ಮಣಿಕಟ್ಟಿನ ಎಕ್ಸ್‌ರೇ ತೆಗೆಸಲು ಆಸ್ಪತ್ರೆಗೆ ಬಂದಿದ್ದಳಂತೆ. ವಾಪಸ್ಸು ಬಸ್ಸಿಗೆ ಇನ್ನೂ ಹೊತ್ತಿತ್ತಂತೆ. ಇಷ್ಟು ಹೇಳಿ ಕೂರಲಿಲ್ಲ, ಅಂಗಡಿಯ ಒಳಗೆಲ್ಲ ಕಣ್ಣಾಡಿಸಿದಳು. ಅವಳು ಸೊರಗಿದ್ದಳು. ಕತ್ತಿನ ಎಲುಬು ಕಾಣುತ್ತಿತ್ತು, ಗಡಿಯಾರದ ಪಟ್ಟಿ ಮೊಣಕೈಯತ್ತ ಜಾರುತ್ತಿತ್ತು. ಫೋನಿನಲ್ಲಿ ಇದು ಹೇಗೆ ಗೊತ್ತಾಗಬೇಕು? ಅಷ್ಟು ತಿಂಗಳಿಂದ ಊಟ ಆಯ್ತು, ಆಯ್ತು ಎಂದೇ ಹೇಳುತ್ತಿದ್ದಳು.

ಅಂಗಡಿಯ ಮೂಲೆಯಲ್ಲಿ ನಿಂತಿದ್ದ ಗಾಡಿಯ ಹತ್ತಿರ ಹೋಗಿ ಸುತ್ತ ನೋಡಿದಳು. ಹಿಂದಿನ ಚಕ್ರವನ್ನು ಕಾಲಿನ ತುದಿಯಿಂದ ಮುಟ್ಟಿದಳು. ಆಮೇಲೆ ಚೀಲ ಕಂಡಿತು.

"ಇದೇನಿದು?"

"ಮರಳು. ಭಾರಕ್ಕೆ. ಇಲ್ಲಾಂದ್ರೆ ಗಾಡಿ ಎಗರತ್ತೆ."

"ಯಾಕೆ ಹೀಗೆ ವಾರೆಯಾಗಿ ಕಟ್ಟಿದೀರಿ?"

ಹೇಳದೆ ಬಿಡಬಹುದಿತ್ತು. ಬೆಲ್ಟು ಸರಿದಿದೆ ಎನ್ನಬಹುದಿತ್ತು, ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನೀನು ಹಾಗೇ ಕೂರ್ತಿದ್ದೆ. ಎಡಕ್ಕೆ. ಹಳೇ ಸೀಟಲ್ಲಿ ಗುರುತು ಇದೆ."

ಅವಳು ಚೀಲದ ಮೇಲೆ ಕೈಯಿಟ್ಟಳು. "ನಿಮ್ಮ ತಲೆ ಅಡ್ಡ ಬರ್ತಿತ್ತಲ್ಲ. ಎಡಕ್ಕೆ ಬಗ್ಗಿದ್ರೆ ಮುಂದೆ ಕಾಣ್ತಿತ್ತು." ಮತ್ತೆ ಹೇಳಿದಳು, "ನಿಮ್ಮ ಮುಖಾನೂ ಕಾಣ್ತಿತ್ತು. ಕನ್ನಡೀಲಿ."

ಅವನು ಚುಚ್ಚಿಕೊಂಡ ಬೆರಳನ್ನು ಹಿಚುಕುತ್ತ ನಿಂತ.

"ತಲೆ ಸುತ್ತೋದು ನಂಗೆ ಗೊತ್ತಿತ್ತು ರೀ."

"ಯಾವಾಗಿಂದ?"

"ಮೊದಲಿಂದ. ಹಿಂದೆ ಕೂತವರಿಗೆ ಗೊತ್ತಾಗಲ್ವಾ? ನಿಂತಾಗೆಲ್ಲ ನಿಮ್ಮ ಬೆನ್ನು ಗಟ್ಟಿಯಾಗ್ತಿತ್ತು. ಕಣ್ಣು ಮುಚ್ಕೊಳ್ತಿದ್ರಿ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಿದ್ದೆ. ಪ್ರತಿ ಭಾನುವಾರ ಹತ್ತಿ ಕೂರ್ತಿದ್ದೆ, ಇವತ್ತಾದ್ರೂ ಹೇಳ್ತಾರೆ ಅಂತ." ಅವಳ ದನಿ ಏರಲಿಲ್ಲ. "ಬಿದ್ದಿದ್ದಕ್ಕಲ್ಲ ನಾನು ಹೋಗಿದ್ದು. ಕೊನೆಗೂ ನೀವು ಹೇಳಿದ್ದು ಡಾಕ್ಟರಿಗೆ."

ಇಷ್ಟು ದಿನ ಅವನು ಕ್ಷಮೆ ಕೇಳಲು ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ಬೇರೆ ಯಾವುದೋ ತಪ್ಪಿಗೆ ಸಂಬಂಧಿಸಿದ್ದವು. ಅವುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

"ಈಗಲೂ ಸುತ್ತತ್ತಾ?" ಎಂದು ಕೇಳಿದಳು.

ಮೆಕ್ಯಾನಿಕ್ ಹೀಗೆ ಕೇಳಿದಾಗ ಇಲ್ಲ ಎಂದಿದ್ದ. ಟೀ ಅಂಗಡಿಯವಳಿಗೂ ಇಲ್ಲ ಎಂದಿದ್ದ. ಸಂಘದವರಿಗಂತೂ ಕೇಳುವ ಮುಂಚೆಯೇ ಇಲ್ಲ ಎಂದಿದ್ದ.

"ಸುತ್ತತ್ತೆ," ಎಂದ. "ಓಡುವಾಗ ಇಲ್ಲ. ನಿಂತಾಗ. ಗಾಡಿ ನಿಂತಿರತ್ತೆ, ನೆಲ ಮಾತ್ರ ಹೋಗ್ತಾನೇ ಇರತ್ತೆ. ಅದಕ್ಕೇ ಕಾಲು ಕೆಳಗೆ ಹೋಗೋದು, ಅಭ್ಯಾಸಕ್ಕಲ್ಲ. ಹೆದರಿಕೆಗೆ." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದು ಗೊತ್ತಾಗಲಿಲ್ಲ. "ರಾತ್ರಿ ಮನೇಲೂ ಹೆದರಿಕೆ ಆಗತ್ತೆ. ಗೋಡೆ ಹಿಡ್ಕೊಂಡು ಓಡಾಡ್ತೀನಿ. ಯಾರಿಗೂ ಹೇಳಿಲ್ಲ."

ಅವಳು ಹತ್ತಿರ ಬರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನ ಮುಖವನ್ನು ನೇರವಾಗಿ ನೋಡಿದಳು, ಕನ್ನಡಿ ಇಲ್ಲದೆ. ಆಮೇಲೆ ಚೀಲದ ಕಡೆ ತಿರುಗಿ ಎಡಗೈಯಿಂದ ಲಾಡಿ ಸಡಿಲಿಸತೊಡಗಿದಳು. ಬಲಗೈ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ.

"ಏನು ಮಾಡ್ತಿದೀಯ?"

"ಇಷ್ಟೊಂದು ಇಲ್ಲ ನಾನು ಈಗ."

ಮೇಜಿನ ಮೇಲಿದ್ದ ಮಗ್ಗು ತೆಗೆದುಕೊಂಡು ಚೀಲದೊಳಗಿಂದ ಮರಳು ಎತ್ತಿ ನೆಲಕ್ಕೆ ಸುರಿದಳು. ಮತ್ತೆ ಎತ್ತಿದಳು. ಅವನು ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದು ಎನ್ನುವುದು ಹೇಗೋ ತಿಳಿಯಿತು. ಮಗ್ಗಿನ ಮೇಲೆ ಮಗ್ಗು, ಅವಳ ಕಾಲಿನ ಪಕ್ಕದಲ್ಲಿ ಒಂದು ಸಣ್ಣ ಗುಡ್ಡೆಯಾಯಿತು. ನಡುವೆ ಒಮ್ಮೆ ನಿಲ್ಲಿಸಿ ಯೋಚಿಸಿ, ಅರ್ಧ ಮಗ್ಗು ವಾಪಸ್ಸು ಹಾಕಿದಳು. ಎದುರಿನ ಟೀ ಅಂಗಡಿಯವಳು ಎಲ್ಲವನ್ನೂ ಕಂಡಳು, ಮೊದಲ ಬಾರಿಗೆ ಉಸಿರೆತ್ತಲಿಲ್ಲ.

ಲಾಡಿ ಬಿಗಿಯಲು ಅವಳ ಒಂದು ಕೈಗೆ ಆಗಲಿಲ್ಲ. ಅವನು ಗಂಟು ಹಾಕಿದ, ಅವಳು ಗಂಟಿನ ಮೇಲೆ ಬೆರಳು ಒತ್ತಿ ಹಿಡಿದಳು.

ತನ್ನ ಕೈಚೀಲ ಹೆಗಲಿಗೇರಿಸಿ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು. "ಮುಂದೆ ಲೈಟು ಒಂದೇನಾ ಇದಕ್ಕೆ?"

"ಒಂದೇ. ಯಾಕೆ?"

"ಒಂದೇ ಆದ್ರೆ ದೂರದಿಂದ ಎಲ್ಲ ಬೈಕೂ ಹಾಗೇ ಕಾಣತ್ತೆ. ಅಕ್ಕನ ಮನೆ ಮೇಲಿನ ಕಿಟಕಿ ರಸ್ತೆಗೇ ಇದೆ. ರಾತ್ರಿಯೆಲ್ಲ ಗಾಡಿ ಓಡಾಡ್ತವೆ."

"ಹಿಂದಿನ ಮಡ್‌ಗಾರ್ಡಿಗೆ ಎರಡೂ ಕಡೆ ಸಣ್ಣ ಲೈಟು ಹಾಕಿಸ್ತೀನಿ. ಮುಂದಕ್ಕೆ ಕಾಣೋ ಹಾಗೆ."

"ನಿಮ್ಮಿಷ್ಟ," ಎಂದಳು. ಮೆಟ್ಟಿಲು ಇಳಿದು ಬಸ್ ನಿಲ್ದಾಣದ ಕಡೆ ನಡೆದಳು. ಎಡಕ್ಕೆ ಸ್ವಲ್ಪ ವಾಲಿಕೊಂಡೇ ನಡೆಯುತ್ತಾಳೆ ಎನ್ನುವುದನ್ನು ಅವನು ಅಂದು ನೋಡಿದ.

ಬಸ್ಸು ಹೋದ ಸದ್ದು ಕೇಳಿದ ಮೇಲೂ ಅವನು ಪೊರಕೆ ಮುಟ್ಟಲಿಲ್ಲ. ಸಂಜೆ ಮೆಕ್ಯಾನಿಕ್ ಬಂದು, ನೆಲದ ಮೇಲಿನ ಮರಳನ್ನು ದಾಟಿಕೊಂಡು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಸ್ಪ್ರಿಂಗುಗಳನ್ನು ನೋಡಿದ, ಕೈಬೆರಳು ಅಡ್ಡ ಹಿಡಿದು ಅಳೆದ.

"ನಿನ್ನೆಗಿಂತ ಒಂದು ಬೆರಳು ಎತ್ತರ ನಿಂತಿದೆಯಲ್ಲ ಅಣ್ಣ. ಮರಳು ಸೋರಿತಾ? ಮತ್ತೆ ತುಂಬಿಸೋಣವಾ?"

"ಬೇಡ," ಎಂದ ಸೀಟಣ್ಣ. "ಈಗ ಸರಿ ಇದೆ."

ಅವನು ಗಾಡಿ ಹತ್ತಿ ಕೂತು ಎರಡು ಕಾಲನ್ನೂ ಮೇಲಿಟ್ಟುಕೊಂಡ.